ಕಂಪೆನಿಯಿಂದ ಬಂದ ಹಾಗೆ

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಬರಹ ಚೆನ್ನಾಗಿರುತ್ತದೆ ಎಂದು ಅಕ್ಕ ಹೇಳಿದಳು. ಅವಳು ಹಾಗೆ ಹೇಳಲೇಬೇಕು. ಸಿಟ್ಟು ಇರುವುದು ಅವಳ ಗಂಡನ ಮೇಲೆ. ಬರಹ ಹೇಗೂ ಇರಲಿ ಎಂದು ಬಿಸಿ ಇರುವಾಗಲೇ ಕೂತಿದ್ದೇನೆ.

ಮೊದಲು ನನ್ನ ಬಗ್ಗೆ ಹೇಳಿ ಮುಗಿಸುತ್ತೇನೆ, ಹೆಚ್ಚೇನಿಲ್ಲ. ಕಡಬದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ. ಮದುವೆ, ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಕಾರ್ಯಕ್ರಮ ಎಂದರೆ ಮೈಕ್ ಹಿಡಿದು ಬೇರೆಯವರ ಸ್ವರದಲ್ಲಿ ಮಾತಾಡುವುದು ಹವ್ಯಾಸ. ಹುಟ್ಟಿದಾಗ ನಾನು ಅತ್ತದ್ದು ಪಕ್ಕದ ಹಾಸಿಗೆಯ ಮಗುವಿನ ಹಾಗೆ ಎಂದು ಅಮ್ಮ ಹೇಳುವುದುಂಟು. ಬಸ್ಸಿನ ಕಂಡಕ್ಟರ್, ಗ್ರಾಮಸಭೆಯಲ್ಲಿ ಎದ್ದು ನಿಂತು ವಿಷಯ ಮರೆತವರು, ಗಡಿಯಾಚೆಯ ನೆಂಟರೊಡನೆ ಫೋನಿನಲ್ಲಿ ಅರ್ಧ ಮಲಯಾಳ ಅರ್ಧ ಕೈಸನ್ನೆಯಲ್ಲಿ ಜಗಳವಾಡುವ ಜಾಲ್ಸೂರಿನ ಅಂಗಡಿಯವರು, ಯಾರನ್ನೂ ಬಿಟ್ಟವನಲ್ಲ. ನನ್ನದೇ ಸ್ವರ ಹೇಗಿದೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು. ನಮ್ಮ ಅಂಗಡಿಯ ಯಜಮಾನರ ಪ್ರಕಾರ ಒಡೆದ ಟೈಲಿನ ಮೇಲೆ ಕುರ್ಚಿ ಎಳೆದ ಹಾಗಿದೆ.

ನನ್ನ ಐಟಮ್‌ಗಳಲ್ಲಿ ಬೇಡಿಕೆ ಹೆಚ್ಚು ಇದ್ದದ್ದು ದೊಡ್ಡಪ್ಪನ ಕೂಗಿಗೆ. ದೊಡ್ಡಪ್ಪನ ಮನೆ ಇಚಿಲಂಪಾಡಿಯಲ್ಲಿ. ಕೆಲಸಕ್ಕೆ ಹತ್ತಿರ ಎಂದು ನಾನೂ ಅಲ್ಲೇ ಇರುವುದು. ತೆಂಗಿನ ತೋಟಕ್ಕೆ ಮಂಗಗಳ ಗುಂಪು ಇಳಿದರೆ ದೊಡ್ಡಪ್ಪ ಅಂಗಳದ ತುದಿಗೆ ಬಂದು ಒಂದು ಕೂಗು ಹಾಕುತ್ತಿದ್ದರು. ಕಲ್ಲಿಲ್ಲ, ಕವಣೆಯಿಲ್ಲ, ಪಟಾಕಿಯಿಲ್ಲ. ಮಂಗಗಳು ಕಿತ್ತ ಎಳನೀರು ಬೊಂಡವನ್ನು ಅಲ್ಲೇ ಬಿಟ್ಟು ಕಾಡಿನ ಬದಿಗೆ ಹಾರುತ್ತಿದ್ದವು. ಆಚೆ ಗುಡ್ಡೆಯ ಮನೆಯವರು ಆ ಕೂಗು ಕೇಳಿದ ಕೂಡಲೇ "ಇನ್ನು ನಮ್ಮಲ್ಲಿಗೆ ಬಂತು" ಎಂದು ಕೋಲು ಹುಡುಕುತ್ತಿದ್ದರು.

ಹೋದ ವರ್ಷ ದೊಡ್ಡಪ್ಪನ ಗಂಟಲಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಮಂಗಳೂರಿನಲ್ಲಿ ಆಪರೇಷನ್ ಆಗಬೇಕು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು ಎಂದರು. ಹೊರಡುವ ಹಿಂದಿನ ದಿನ ಮನೆಯವರೆಲ್ಲ ಮುಖ ಸಣ್ಣ ಮಾಡಿಕೊಂಡು ಚೀಲ ತುಂಬಿಸುತ್ತಿದ್ದಾಗ ಅವರು ಹಾಡಿನ ಪೆಟ್ಟಿಗೆಯನ್ನು ಹಿಡಿದು ತೋಟದ ಕಡೆ ನಡೆದರು. ಅದು ಪುತ್ತೂರಿನ ಸಂತೆಯಲ್ಲಿ ತಂದ, ಒಂದು ಇಟ್ಟಿಗೆಯಷ್ಟು ದೊಡ್ಡದಾದ, ಹಿಡಿ ಇರುವ ಪೆಟ್ಟಿಗೆ. ಮೆಮರಿ ಕಾರ್ಡ್ ಹಾಕಿದರೆ ಅದರಲ್ಲಿರುವ ಹಾಡು ಹಾಡುತ್ತದೆ. ಬದಿಯಲ್ಲಿ ಒಂದು ಕೆಂಪು ಗುಂಡಿ; ಅದನ್ನು ಒತ್ತಿ ಮಾತಾಡಿದರೆ ಸ್ವರ ಪೆಟ್ಟಿಗೆಯ ಹೊಟ್ಟೆಯಲ್ಲೇ ಉಳಿಯುತ್ತದೆ.

"ಅದು ಎಂತಕ್ಕೆ ಈಗ?" ಎಂದು ದೊಡ್ಡಮ್ಮ ಕೇಳಿದರು.

"ನಾನಿಲ್ಲದ್ದು ಮಂಗಗಳಿಗೆ ಗೊತ್ತಾಗುದು ಬೇಡ," ಎಂದರು ದೊಡ್ಡಪ್ಪ.

ಕೂಗಿ ತುಂಬಿಸಿದರು. ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ತಿರುಗಿ ಬರುವ ಹಾಗೆ ಇಟ್ಟು ಪಂಪ್ ಶೆಡ್ಡಿನ ಮಾಡಿನ ಕೆಳಗೆ ನೇತುಹಾಕಿದರು. ನಮ್ಮ ಕಡೆ ಇದು ಹೊಸತೇನಲ್ಲ. ಹಂದಿ ಬಾರದ ಹಾಗೆ ರಾತ್ರಿಯಿಡೀ ರೇಡಿಯೋ ಹಾಡಿಸುವವರಿದ್ದಾರೆ. ಗದ್ದೆಯ ನಡುವೆ ವಾರ್ತೆ ಓದಿಸಿ ಹಂದಿಗಳಿಗೆ ದೇಶದ ಸ್ಥಿತಿ ತಿಳಿಸುವವರಿದ್ದಾರೆ. ತನ್ನದೇ ಸ್ವರವನ್ನು ಕಟ್ಟಿ ಹೋದವರು ದೊಡ್ಡಪ್ಪ ಒಬ್ಬರು. ಆ ಸ್ವರದೊಡನೆ ತಿರುಗಿ ಬರುವುದಿಲ್ಲ ಎಂದು ಅವರಿಗೆ ಖಾತ್ರಿ ಇತ್ತೋ ಏನೋ, ನಾನು ಕೇಳಲಿಲ್ಲ.

ಸ್ವರವಿಲ್ಲದೆ ಬಂದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳಗಿನ ಬಟ್ಟೆ. ಆದರೆ ತೋಟದಲ್ಲಿ ಅವರ ಕೂಗು ಹಾಗೆಯೇ ಇತ್ತು. ಅವರು ಜಗಲಿಯಲ್ಲಿ ಚಾ ಕುಡಿಯುತ್ತ ಕೂತಿರುವಾಗ ಕೆಳಗಿನಿಂದ ಅವರೇ ಕೂಗುತ್ತಿದ್ದರು. ಮೊದಮೊದಲು ನನಗೆ ಮೈ ಜುಂ ಎನ್ನುತ್ತಿತ್ತು. ದೊಡ್ಡಮ್ಮ ಮಾತ್ರ ಪಾತ್ರೆ ತೊಳೆಯುತ್ತಲೇ "ಹಾಂ, ಕೇಳಿತು, ಸಾಕು" ಎಂದು ತೋಟಕ್ಕೆ ಉತ್ತರ ಕೊಡುತ್ತಿದ್ದರು. ದೊಡ್ಡಪ್ಪ ದಿನಾ ಬೆಳಿಗ್ಗೆ ತಾನೇ ಹೋಗಿ ಪೆಟ್ಟಿಗೆ ಹಚ್ಚಿ, ಮೊದಲ ಕೂಗು ಮುಗಿಯುವವರೆಗೆ ಅದರ ಕೆಳಗೆ ನಿಂತು ಬರುತ್ತಿದ್ದರು. ಮನೆಯಲ್ಲಿ ನಮ್ಮೊಡನೆ ಮಾತು ಕೈಯಲ್ಲಿ. ಒಂದು ಚಪ್ಪಾಳೆ ಎಂದರೆ ಇಲ್ಲಿ ಬಾ. ಬಿಡದೆ ಚಪ್ಪಾಳೆ ತಟ್ಟಿದರೆ ಬೇಡ, ನಿಲ್ಲಿಸು. ಬರೆದು ತೋರಿಸಿ ಎಂದರೆ ಅವರಿಗೆ ಕೆಟ್ಟ ಕೋಪ.

ಈ ಚಪ್ಪಾಳೆಯ ವಿಷಯವನ್ನು ನೆನಪಿಡಬೇಕಾದ ಒಬ್ಬ ಮನುಷ್ಯರಿದ್ದರು. ಅವರು ನೆನಪಿಡಲಿಲ್ಲ.

ಭಾವನ ಮನೆ ಜಾಲ್ಸೂರಿನ ಹತ್ತಿರ. ಭಾವ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನಮ್ಮ ಮನೆಯ ಯಾವ ವಸ್ತು ಹಾಳಾಗಿದೆ ಎಂದು ಮೂಸಿ ತಿಳಿಯುತ್ತಾರೆ. "ನೀನು ಬಿಡು, ನಾನು ನೋಡ್ತೇನೆ" ಎಂಬುದು ಅವರ ಮಂತ್ರ. ಹಾಗೆ ನೋಡಿದ ಮಿಕ್ಸಿ ಈಗ ಹಿಂದಕ್ಕೆ ತಿರುಗುತ್ತದೆ. ಹಾಗೆ ನೋಡಿದ ಗೇಟನ್ನು ತೆರೆಯಲು ಮೊದಲು ಎತ್ತಬೇಕು. ನಾನು ಮದುವೆಗಳಲ್ಲಿ ಭಾವನನ್ನೂ ಮಾಡುತ್ತೇನೆ: ಎಡಗೈಯ ಗಡಿಯಾರವನ್ನು ಮೇಲೆ ಸರಿಸಿ, ಮೂಗಿನಿಂದ ಒಂದು ಉಸಿರು ಬಿಟ್ಟು, "ಇದು ಎಂತ ದೊಡ್ಡ ವಿಷಯ ಮಾರಾಯ". ಅವರೇ ಮುಂದಿನ ಸಾಲಿನಲ್ಲಿ ಕೂತು ನಗುತ್ತಾರೆ. ಅದು ತಾನೆಂದು ಅವರಿಗೆ ಇಂದಿನವರೆಗೆ ಗೊತ್ತಾಗಿಲ್ಲ.

ಒಂದು ಭಾನುವಾರ ಪೆಟ್ಟಿಗೆ ಕೆಟ್ಟು ಕೂತಿತ್ತು. ತೇವ ಹಿಡಿದಿತ್ತೋ ಏನೋ, ಕೂಗಿನ ಮೊದಲ ತುಂಡೇ ಮತ್ತೆ ಮತ್ತೆ ಬರುತ್ತಿತ್ತು, ಹೋ ಹೋ ಹೋ ಹೋ, ಬಿಕ್ಕಳಿಕೆ ಬಂದವರ ಹಾಗೆ. ಆಫ್ ಮಾಡಿದರೆ ಆಫ್ ಆಗಲಿಲ್ಲ. ದೊಡ್ಡಪ್ಪ ಅದನ್ನು ತಂದು ಜಗಲಿಯ ಮೇಲೆ ಒಂದು ಟವೆಲ್ ಹಾಸಿ ಮಲಗಿಸಿದ್ದರು. ನಾನು ಅದನ್ನು ಅಂಗಡಿಗೆ ಒಯ್ಯಲು ಒಂದು ಚೀಲ ಹುಡುಕಲು ಒಳಗೆ ಹೋದೆ. ಅಷ್ಟರಲ್ಲಿ ಹೊರಗೆ ಭಾವನ ಕಾರಿನ ಶಬ್ದ, ಮತ್ತೆ ಅವರ ಸ್ವರ.

"ಎಂತ, ಪೆಟ್ಟಿಗೆ ಹಾಳಾಯ್ತಾ? ಬಿಡಿ, ನಾನು ನೋಡ್ತೇನೆ. ಒಂದು ಪಿನ್ನು ಕೊಡು."

ಪಿನ್ನು ಕೇಳಿದ್ದು ಜೊತೆಗೆ ಬಂದಿದ್ದ ಅಕ್ಕನಲ್ಲಿ. ಅವಳು ಸೆರಗಿನಿಂದ ತೆಗೆದು ಕೊಟ್ಟಳು.

"ಇದರಲ್ಲಿ ಹಿಂದೆ ಒಂದು ತೂತು ಉಂಟು. ಚುಚ್ಚಿ ಹಿಡಿದ್ರೆ ಸರಿ ಆಗ್ತದೆ. ಕಂಪೆನಿಯಿಂದ ಬಂದ ಹಾಗೆ ಆಗ್ತದೆ."

"ಅದರಲ್ಲಿದ್ದದ್ದು ಹೋಗ್ತದಾ?" ಎಂದು ದೊಡ್ಡಮ್ಮ ಕೇಳಿದ್ದು ನನಗೆ ಒಳಗೆ ಕೇಳಿಸಿತು. ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ.

"ಕಾರ್ಡ್ ತೆಗ್ದಿದ್ದೇನಲ್ಲ, ದೊಡ್ಡತ್ತೆ. ಇದಾ, ನೋಡಿ, ಕೈಯಲ್ಲಿ ಉಂಟು. ಇನ್ನು ಒಳಗೆ ಅಳಿಸಿ ಹೋಗುದಕ್ಕೆ ಎಂತ ಉಂಟು?"

ಕಾರ್ಡಿನಲ್ಲಿ ಇದ್ದದ್ದು ಭಾವ ತಾನೇ ತುಂಬಿಸಿ ಕೊಟ್ಟ ಹಳೇ ಸಿನೆಮಾ ಹಾಡುಗಳು. ಅವನ್ನು ಅವರು ಬಹಳ ಜಾಗ್ರತೆಯಿಂದ ಉಳಿಸಿದ್ದರು.

ಆಗ ಚಪ್ಪಾಳೆ ಶುರುವಾಯಿತು. ಬಿಡದೆ, ಜೋರಾಗಿ. ನಾನು ಚೀಲ ಬಿಸಾಡಿ ಓಡಿದೆ. ಬಾಗಿಲಿಗೆ ಬರುವಾಗ ದೊಡ್ಡಪ್ಪ ಜಗಲಿಯ ಆ ತುದಿಯಿಂದ ಎದ್ದು, ಒಂದು ಕಾಲಿನ ಚಪ್ಪಲಿಯಲ್ಲೇ, ಕೈ ಬಡಿಯುತ್ತ ಬರುತ್ತಿದ್ದರು. ಭಾವ ಪಿನ್ನನ್ನು ಚುಚ್ಚಿ ಹಿಡಿದು ಅವರನ್ನು ನೋಡಿ ನಕ್ಕರು.

"ನೋಡು, ಮಾವನಿಗೆ ಖುಷಿ ಆಯ್ತು," ಎಂದರು.

ಪೆಟ್ಟಿಗೆ ಬಿಕ್ಕಳಿಸುವುದನ್ನು ನಿಲ್ಲಿಸಿತು. ಒಂದು ನೀಲಿ ದೀಪ ಹತ್ತಿತು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ನಮ್ಮನ್ನು ಸ್ವಾಗತಿಸಿದಳು, ನಂತರ ಒಂದು ಟಿಂಗ್‌ಟಿಂಗ್ ಸಂಗೀತ ಬಂತು. ಹೊಸ ಪೆಟ್ಟಿಗೆಯನ್ನು ಅಂಗಡಿಯಲ್ಲಿ ತೋರಿಸುವಾಗ ಬರುವಂಥದ್ದು. ದೊಡ್ಡಪ್ಪ ಅದನ್ನು ಕಿತ್ತುಕೊಂಡು ಕೂಗು ಹಚ್ಚುವ ಗುಂಡಿ ಒತ್ತಿದರು. ಟಿಂಗ್‌ಟಿಂಗ್. ಮತ್ತೆ ಒತ್ತಿದರು. ಹೆಂಗಸು ಮತ್ತೆ ಸ್ವಾಗತಿಸಿದಳು.

"ಹೊಸದರ ಹಾಗೆ ಉಂಟಲ್ಲ," ಎಂದರು ಭಾವ. ಅವರಿಗೆ ಆ ಹೊತ್ತಿಗೂ ಯಾರೋ ಚಾ ತಂದು ಕೊಡುತ್ತಾರೆ ಎಂಬ ನಂಬಿಕೆ ಇತ್ತು.

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಸ್ಸಿನ ಕಂಡಕ್ಟರ್, ಲಾರಿ ಡ್ರೈವರ್, ಮರಳಿನ ಕೆಲಸದವರು, ಎಲ್ಲರ ಬೈಗುಳವೂ ಅವರವರ ಸ್ವರದಲ್ಲೇ ಬಂತು. ಬೈಯುವುದಕ್ಕೂ ನನಗೆ ಸ್ವಂತದ್ದು ಇರಲಿಲ್ಲ. ಅಕ್ಕ ನಗಬೇಕೋ ಅಳಬೇಕೋ ಗೊತ್ತಾಗದೆ ಒಳಗೆ ಹೋದಳು. ದೊಡ್ಡಪ್ಪ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ತೋಟದ ಕಡೆ ಮುಖ ಮಾಡಿ ಕೂತರು.

ಕಬಕದಲ್ಲಿ ರಿಪೇರಿ ಅಂಗಡಿ ಇಟ್ಟವ ತನಗೆ ಪರಿಚಯ, ಅವನಿಗೆ ಆಗದ್ದೇ ಇಲ್ಲ ಎಂದು ಭಾವ ನನ್ನನ್ನು ಮರುದಿನ ಕರೆದುಕೊಂಡು ಹೋದರು.  ದಾರಿಯಿಡೀ ಅವರೇ ಮಾತಾಡಿದರು: ಆ ಪೆಟ್ಟಿಗೆ ಅಗ್ಗದ್ದಂತೆ, ಒಳ್ಳೇ ಕಂಪೆನಿಯದ್ದಾಗಿದ್ದರೆ ಹೀಗಾಗುತ್ತಿರಲಿಲ್ಲವಂತೆ, ಒಂದು ಕಾಪಿ ಇಟ್ಟುಕೊಳ್ಳುವುದು ಮನೆಯವರ ಜವಾಬ್ದಾರಿಯಂತೆ. ರಿಪೇರಿಯವ ಪೆಟ್ಟಿಗೆಯನ್ನು ಬಿಚ್ಚಿ, ಕಂಪ್ಯೂಟರಿಗೆ ಸಿಕ್ಕಿಸಿ, ಬಹಳ ಹೊತ್ತು ನೋಡಿದ.

"ಕಾರ್ಡಲ್ಲಿ ಇದ್ದಿದ್ರೆ ನೋಡ್ಬಹುದಿತ್ತು. ಒಳಗಿನದ್ದು ಅಳಿಸಿ ಅದರ ಮೇಲೆ ಹೊಸತ್ತು ಬರೆದು ಆಗಿದೆ. ಬರುದಿಲ್ಲ," ಎಂದ.

"ಅಂದ್ರೆ ಪೆಟ್ಟಿಗೆ ಸರಿ ಉಂಟಲ್ಲ?" ಎಂದು ಭಾವ ಕೇಳಿದರು.

"ಪೆಟ್ಟಿಗೆಗೆ ಎಂತ ಆಗಿದೆ, ಫಸ್ಟ್ ಕ್ಲಾಸ್ ಉಂಟು."

ಭಾವ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಕೋರ್ಟಿನಲ್ಲಿ ಗೆದ್ದು ಹೊರಗೆ ಬಂದವರದ್ದು. ನಾನು ಪೆಟ್ಟಿಗೆಯನ್ನು ತೆಗೆದುಕೊಂಡು ಬಸ್ಸಿನಲ್ಲಿ ಬಂದೆ. ಅವರ ಕಾರಿನಲ್ಲಿ ಕೂತಿದ್ದರೆ ಅಕ್ಕ ವಿಧವೆಯಾಗುವ ಸಾಧ್ಯತೆ ಇತ್ತು.

ಬೇರೆ ಎಲ್ಲಾದರೂ ದೊಡ್ಡಪ್ಪನ ಸ್ವರ ಉಂಟೇ ಎಂದು ಹುಡುಕಿದೆವು. ಅವರ ಫೋನ್ ಬರೀ ಗುಂಡಿಯದ್ದು. ಅದು ಸ್ವರವನ್ನು ಆಚೆ ದಾಟಿಸುತ್ತದೆ, ಇಟ್ಟುಕೊಳ್ಳುವುದಿಲ್ಲ. ಅಕ್ಕನ ಮದುವೆಯ ವಿಡಿಯೊದಲ್ಲಿ ಅವರು ಕೈ ಎತ್ತಿ ಅಡುಗೆಯವರಿಗೆ ಏನೋ ಕೂಗಿ ಹೇಳುವುದು ಕಾಣುತ್ತದೆ, ಬಾಯಿ ಅಗಲವಾಗಿ ತೆರೆಯುತ್ತದೆ, ಮೇಲೆ ವಿಡಿಯೊದವ ನಾದಸ್ವರ ಸುರಿದಿದ್ದಾನೆ. ಅಂಥ ವಿಡಿಯೊ ಮಾಡುವವರ ಬಗ್ಗೆಯೂ ನನಗೆ ಹೇಳಲಿಕ್ಕಿದೆ, ಈಗ ಬೇಡ. ನನ್ನ ಫೋನಿನಲ್ಲಿ ಮಾತ್ರ ದೊಡ್ಡಪ್ಪನ ಕೂಗು ಬೇಕಾದಷ್ಟಿತ್ತು. ಸುಳ್ಯದ ಮದುವೆಯದ್ದು, ಪುತ್ತೂರಿನ ಶಾಲೆಯದ್ದು, ಕಡಬದ ಮಂಡಲದ್ದು. ಎಲ್ಲದರಲ್ಲೂ ಕೂಗುತ್ತಿದ್ದವ ನಾನು.

ಇತ್ತ ಮಂಗಗಳು ಇಳಿದವು. ನೇತುಹಾಕಿದ ಪೆಟ್ಟಿಗೆಯಿಂದ ಇಂಗ್ಲಿಷಿನ ಹೆಂಗಸು ಅವುಗಳನ್ನೂ ಸ್ವಾಗತಿಸಿದಳು. ಟಿಂಗ್‌ಟಿಂಗ್ ಸಂಗೀತದ ಕೆಳಗೆ ಕೂತು ಬೊಂಡ ಕುಡಿದು ಚಿಪ್ಪನ್ನು ಶೆಡ್ಡಿನ ಮಾಡಿಗೆ ಎಸೆದವು. ದೊಡ್ಡಪ್ಪ ಅಂಗಳದ ತುದಿಯಲ್ಲಿ ನಿಂತು ತಗಡಿನ ಡಬ್ಬ ಬಡಿದರು. ಒಂದು ದೊಡ್ಡ ಮಂಗ ಅವರನ್ನು ನೋಡಿತು, ಓಡಲಿಲ್ಲ.

ಮುಂದಿನ ಭಾನುವಾರ ಊಟಕ್ಕೆ ಕೂತಾಗ ಭಾವನೇ ಪರಿಹಾರ ಸೂಚಿಸಿದರು. ಅವರಿಗೆ ಊಟ ಸೇರುತ್ತಿತ್ತು.

"ಇಂವ ಇದ್ದಾನಲ್ಲ. ಮಾವನ ಹಾಗೇ ಕೂಗುದಿಲ್ವಾ? ಕೂಗಿ ತುಂಬಿಸು. ಮಂಗಕ್ಕೆ ಎಂತ ಗೊತ್ತಾಗ್ತದೆ?"

"ಸ್ವರ ಅಂದ್ರೆ ಮಿಕ್ಸಿಯ ಜಾರಾ, ಒಡೆದ್ರೆ ಇನ್ನೊಂದು ತರ್ಲಿಕ್ಕೆ?" ಎಂದೆ.

"ಮದುವೆಯಲ್ಲಿ ಮಾಡುವಾಗ ಅದು ನಿನಗೆ ನೆನಪಿರುದಿಲ್ಲ."

ಈ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಆದರೆ ದೊಡ್ಡಪ್ಪ ಕೈ ತೊಳೆದು ಬಂದು ನನ್ನ ಹೆಗಲಿಗೆ ಒಂದು ಪೆಟ್ಟು ಕೊಟ್ಟು ತೋಟದ ಕಡೆ ಬೆರಳು ತೋರಿಸಿದರು. ಅವರಿಗೇ ಬೇಕಿದ್ದರೆ ನಾನು ಬೇಡ ಎನ್ನಲು ಯಾರು?

ಜಗಲಿಯಲ್ಲೇ ಒಮ್ಮೆ ಕೂಗಿ ತೋರಿಸಿದೆ. ನನ್ನ ಐಟಮ್ ಹೀಗೆ: ಮೊದಲು ಎರಡು ಕೆಮ್ಮು, ಆಮೇಲೆ ಒಂದು ಉದ್ದದ ಹೋ, ಅದು ತುದಿಯಲ್ಲಿ ಮೇಲೇರಿ ಒಡೆಯುವುದು, ಕೊನೆಗೆ "ನಿಮ್ಮಜ್ಜ ನೆಟ್ಟದ್ದಾ?" ಎಂಬ ಬೈಗುಳ.

"ಅಚ್ಚು ಹಾಗೇ," ಎಂದರು ಭಾವ. ಅಕ್ಕನೂ ಹೌದೆಂದಳು.

ದೊಡ್ಡಪ್ಪ ತಲೆ ಅಲ್ಲಾಡಿಸಿದರು.

"ಅಜ್ಜ ನೆಟ್ಟದ್ದು ಅಂತ ಇವರು ಹೇಳ್ತಿರ್ಲಿಲ್ಲ," ಎಂದರು ದೊಡ್ಡಮ್ಮ.

"ಹೇಳ್ತಿದ್ರು. ಪೆಟ್ಟಿಗೆಯಲ್ಲಿ ಇತ್ತಲ್ಲ," ಎಂದಳು ಅಕ್ಕ.

"ಪೆಟ್ಟಿಗೆಯಲ್ಲಿ ಇರ್ಲಿಲ್ಲ ಮಾರಾಯ್ತಿ, ಮದುವೆಯಲ್ಲಿ ಇದ್ದದ್ದು."

ಎಲ್ಲರೂ ನನ್ನ ಮುಖ ನೋಡಿದರು. ಇಲ್ಲಿ ನನಗೊಂದು ವಿಚಿತ್ರವಾಯಿತು. ದೊಡ್ಡಪ್ಪ ಆ ಬೈಗುಳ ಬೈಯುತ್ತಿದ್ದರೋ, ಅಥವಾ ಸುಳ್ಯದಲ್ಲಿ ಜನ ನಗಲಿ ಎಂದು ನಾನೇ ಸೇರಿಸಿದ್ದೋ, ನನಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ಪೆಟ್ಟಿಗೆಯ ಕೂಗನ್ನು ನೆನೆಯಲು ನೋಡಿದೆ. ಕಿವಿಯೊಳಗೆ ಬಂದದ್ದು ನಾನೇ, ಮೈಕ್ ಹಿಡಿದು. ದಿನಾ ಬೆಳಿಗ್ಗೆ ಕೇಳಿದ ಕೂಗು, ಅದರ ಮೇಲೆ ನನ್ನದೇ ಕೂತುಬಿಟ್ಟಿತ್ತು. ಅಳಿಸಲು ಭಾವನಿಗಾದರೂ ಒಂದು ಪಿನ್ನು ಬೇಕಾಯಿತು.

ದೊಡ್ಡಪ್ಪ ಪೆಟ್ಟಿಗೆ ಎತ್ತಿಕೊಂಡು, ಒಂದು ಚಪ್ಪಾಳೆ ತಟ್ಟಿ, ನನ್ನನ್ನು ಪಂಪ್ ಶೆಡ್ಡಿಗೆ ಕರೆದುಕೊಂಡು ಹೋದರು. ಬಕೆಟನ್ನು ಕವುಚಿ ಹಾಕಿ ಅದರ ಮೇಲೆ ಕೂತರು. ಕೂಗು ಎಂದು ಸನ್ನೆ ಮಾಡಿದರು. ಕೂಗಿದೆ. ಕೆಮ್ಮಿಗೇ ಕೈ ಬಡಿದು ನಿಲ್ಲಿಸಿದರು. ತನ್ನ ಕುತ್ತಿಗೆಯ ಬಟ್ಟೆಯನ್ನು ಮುಟ್ಟಿ, ಅಡ್ಡಕ್ಕೆ ಗೀಟು ಹಾಕಿದ ಹಾಗೆ ಕೈ ಎಳೆದರು. ಕೆಮ್ಮು ಬೇಡ. ಅದು ಅವರ ಕೂಗಿನದ್ದಲ್ಲ, ಗಡ್ಡೆಯದ್ದು. ಗೊತ್ತಾಗುವ ಮೊದಲಿನ ವರ್ಷ ಸೇರಿಕೊಂಡದ್ದು. ಜನ ಹೆಚ್ಚು ನಗುತ್ತಿದ್ದದ್ದು ಅದಕ್ಕೇ.

ಮತ್ತೆ ಕೂಗಿದೆ. ತುದಿಯಲ್ಲಿ ಮೇಲೇರಿದ್ದಕ್ಕೆ ಕೈ ಬಡಿದರು. ಬೈಗುಳಕ್ಕೆ ಕೈ ಬಡಿದು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಉದ್ದವಾಯಿತು. ತೆಳ್ಳಗಾಯಿತು, ಎಂದು ಕೈಯಲ್ಲೇ ಹೇಳಿದರು. ಗಂಟಲಿಂದಲ್ಲ, ಹೊಟ್ಟೆಯಿಂದ ಎಂದು ನನ್ನ ಹೊಟ್ಟೆಗೆ ಗುದ್ದಿದರು. ನಾನು ಮೆಚ್ಚಿಕೊಂಡ ಒಂದೊಂದನ್ನೂ ಅವರು ಕಿತ್ತು ಬಿಸಾಡಿದರು. ನನಗೆ ಸಿಟ್ಟು ಬಂತು. "ಹೀಗೆ ಕೂಗಿದ್ರೆ ನೀವು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ದೊಡ್ಡಪ್ಪ," ಎಂದೆ. ಅವರಿಗೂ ಸಿಟ್ಟು ಬಂತು. ಬಕೆಟಿನಿಂದ ಎದ್ದು, ಬಾಯಿ ತೆರೆದು, ಎದೆ ಉಬ್ಬಿಸಿ ಅವರೇ ಕೂಗಿ ತೋರಿಸಿದರು. ಬಾಯಿಂದ ಏನೂ ಬರಲಿಲ್ಲ. ಕುತ್ತಿಗೆಯ ಬಟ್ಟೆ ಮಾತ್ರ ಒಮ್ಮೆ ಹೊರಗೆ ಹಾರಿ ಒಳಗೆ ಬಂತು. ನಾನು ಅವರ ಪಕ್ಕೆಲುಬು ಎಷ್ಟು ಹೊತ್ತು ಮೇಲೆ ನಿಂತಿತು, ಎಲ್ಲಿ ಇಳಿಯಿತು ಎಂದು ನೋಡಿ, ಅಷ್ಟೇ ಕೂಗಿದೆ.

ಅದು ಗಿಡ್ಡವಾದ, ದಪ್ಪವಾದ, ಒಂದು ಚೂರೂ ತಮಾಷೆಯಿಲ್ಲದ ಹೋ. ದನದ ಹಟ್ಟಿಯ ಬಾಗಿಲು ಹಾಕಿದ ಹಾಗೆ.

ದೊಡ್ಡಪ್ಪ ಹೌದೆನ್ನಲಿಲ್ಲ. ಅಂಗೈಯನ್ನು ಆಚೀಚೆ ತಿರುಗಿಸಿದರು, ಸುಮಾರು ಎಂಬ ಹಾಗೆ. ಕೆಂಪು ಗುಂಡಿಯನ್ನು ತಾನೇ ಒತ್ತಿ ನನ್ನ ಬಾಯಿಗೆ ಹಿಡಿದರು. ಮಂಗಗಳು ಹೋದವು. ಅವು ಹೋದದ್ದರಿಂದ ಏನೂ ಸಾಬೀತಾಗುವುದಿಲ್ಲ. ಅವು ಹೊಸ ಶಬ್ದ ಯಾವುದಕ್ಕೂ ನಾಲ್ಕು ದಿನ ಹೆದರುತ್ತವೆ.

ಇಷ್ಟಕ್ಕೆ ನಿಂತಿದ್ದರೆ ನನ್ನ ಸಿಟ್ಟೂ ಇಳಿಯುತ್ತಿತ್ತು. ಆದರೆ ಭಾವ ಹೊರಡುವ ಮೊದಲು ತೋಟಕ್ಕೆ ಹೋಗಿ ಆ ಕೂಗನ್ನು ತನ್ನ ಫೋನಿನಲ್ಲಿ ಹಿಡಿದುಕೊಂಡಿದ್ದರು. ಸಂಜೆ ಕುಟುಂಬದ ಗ್ರೂಪಿಗೆ ಹಾಕಿದರು. ಕೆಳಗೆ ಬರೆದದ್ದು: ಮಾವನ ಸ್ವರ, ಕಷ್ಟಪಟ್ಟು ಉಳಿಸಿಕೊಂಡದ್ದು. ಮಂಗಳೂರಿನಿಂದ, ಮಡಿಕೇರಿಯಿಂದ, ಕಾಸರಗೋಡಿನಿಂದ ಕೈಮುಗಿದ ಚಿತ್ರಗಳು ಬರತೊಡಗಿದವು. ಎಷ್ಟು ವರ್ಷ ಆಯ್ತು ಈ ಕೂಗು ಕೇಳದೆ, ಎಂದು ಒಬ್ಬ ಚಿಕ್ಕಮ್ಮ. ಕಣ್ಣು ತುಂಬಿ ಬಂತು, ಎಂದು ಇನ್ನೊಬ್ಬರು. ಮಕ್ಕಳಿಗೆ ಕೇಳಿಸಿದೆ, ಎಂದು ಮತ್ತೊಬ್ಬರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೂ ನನ್ನನ್ನೇ ದೊಡ್ಡಪ್ಪ ಎಂದು ಕೇಳಿಸುತ್ತಾರೆ.

ನಾನು ಬರೆದೆ: "ಇದು ನನ್ನ ಸ್ವರ. ದೊಡ್ಡಪ್ಪನದ್ದನ್ನು ಭಾವ ಅಳಿಸಿದ್ದಾರೆ."

ಗ್ರೂಪಿನ ಅಡ್ಮಿನ್ ಭಾವ. ಅವರು ನನ್ನನ್ನು ತೆಗೆದುಹಾಕಿದರು.

ದೊಡ್ಡಮ್ಮ ತನ್ನ ಫೋನಿನಲ್ಲಿ ಇದನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳುತ್ತಿದ್ದರು. "ಇಂವನನ್ನು ಓಡ್ಸಿದ್ರು ನೋಡಿ," ಎಂದರು. ದೊಡ್ಡಪ್ಪ ಕೂಗನ್ನು ಒಮ್ಮೆ ಕಿವಿಗೆ ಹಿಡಿದು ಕೇಳಿದರು.  ಸ್ವರ ಕಳಿಸುವುದು ಎಲ್ಲಿ ಎಂದು ಬೆರಳಿನಲ್ಲಿ ಕೇಳಿದರು; ದೊಡ್ಡಮ್ಮ ತೋರಿಸಿದರು. ಅವರು ಅದನ್ನು ಒತ್ತಿ, ಫೋನನ್ನು ಬಾಯಿಯ ಹತ್ತಿರ ಒಯ್ಯದೆ, ಕುತ್ತಿಗೆಯ ಬಟ್ಟೆ ಸರಿಸಿ ತೂತಿಗೆ ಹಿಡಿದರು. ಎದೆ ಉಬ್ಬಿತು, ಇಳಿಯಿತು. ಅಡಿಕೆಯ ಒಣ ಸೋಗೆ ನೆಲದ ಮೇಲೆ ಎಳೆದಂಥ ಸದ್ದು. ಕೈ ಬಿಟ್ಟರು. ಹೋಯಿತು.

 ಗ್ರೂಪಿನಲ್ಲಿ ಮೊದಲು ಭಾವನೇ ಬರೆದರಂತೆ: "ದೊಡ್ಡತ್ತೆ, ನಿಮ್ಮ ಮೈಕ್ ಹಾಳಾಗಿರ್ಬೇಕು. ಬಂದಾಗ ನೋಡ್ತೇನೆ."